ಹತ್ತು ನಲವತ್ತರ ಗಂಟೆ

ಒಂಬತ್ತನೇ ತಾರೀಖು, ಭಾನುವಾರ, ಬೆಳಿಗ್ಗೆ 10:20ಕ್ಕೆ ನಲವತ್ತೆರಡು ಮಂದಿ ಹೆಂಗಸರು ಒಟ್ಟಾಗಿ ಠಾಣೆಯ ಮೆಟ್ಟಿಲು ಹತ್ತಿದರು. ಠಾಣೆಯಲ್ಲಿ ಇದ್ದದ್ದು ಆರು ಕುರ್ಚಿ, ಒಂದು ಬೆಂಚು. ಬಾಗಿಲ ಪಹರೆಯ ಕಾನ್‌ಸ್ಟೇಬಲ್ ಇದು ಯಾವುದೋ ಮುಷ್ಕರ ಎಂದುಕೊಂಡು ಲಾಠಿಗೆ ಕೈ ಹಾಕಿದ. ಮುಂದಿನ ಸಾಲಿನ ಹೆಂಗಸು ಅವನನ್ನು ಒಮ್ಮೆ ದಿಟ್ಟಿಸಿ ನೋಡಿದ ಮೇಲೆ ಅದನ್ನು ಇದ್ದಲ್ಲೇ ಇಟ್ಟ.

ಎಲ್ಲರೂ ಪಕ್ಕದ ರಸ್ತೆಯ ಶರ್ಟ್ ಕಾರ್ಖಾನೆಯವರು. ವಾರಕ್ಕೊಂದೇ ರಜೆ, ಅದನ್ನೂ ಠಾಣೆಗೆ ಕೊಟ್ಟು ಬಂದಿದ್ದರು. ಆ ಕಾರ್ಖಾನೆಯಲ್ಲಿ ಯಾರು ಏನು ಹೊಲಿಯುತ್ತಾರೋ ಅದೇ ಅವರನ್ನು ಕರೆಯುವ ಹೆಸರು: ತೋಳು, ಜೇಬು, ಕಫ್. ಪಹರೆಯವನನ್ನು ಕಣ್ಣಲ್ಲೇ ಕೂರಿಸಿದವಳು ಬಟನ್. ಐವತ್ತರ ಆಸುಪಾಸು, ಗಂಟಲು ಮಾತ್ರ ಇಪ್ಪತ್ತರದ್ದು.

ಇನ್ಸ್‌ಪೆಕ್ಟರು ಒಳಕೋಣೆಯಿಂದ ಎದ್ದು ಬಂದರು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅವರು ಸರಗಳ್ಳರನ್ನು ಕಂಡಿದ್ದರು, ಚೀಟಿ ನಡೆಸಿ ಓಡಿಹೋದವರನ್ನು ಕಂಡಿದ್ದರು, ಸ್ವಂತ ತಮ್ಮನ ಸಹಿ ಹಾಕಿ ಮನೆ ಮಾರಿದವನನ್ನೂ ಕಂಡಿದ್ದರು.

"ಯಾರಮ್ಮ ಮೋಸ ಮಾಡಿದ್ದು?"

"ಮಾರ್ಕೆಟ್ ಮೇಷ್ಟ್ರು ಸಾರ್."

"ಎಲ್ಲಿರ್ತಾರೆ ಅವರು?"

"ಫೋನಲ್ಲಿ," ಎಂದಳು ಬಟನ್.

ಅವಳು ಕೊಟ್ಟ ದೂರಿನಲ್ಲಿ ವಿಷಯ ಅಚ್ಚುಕಟ್ಟಾಗಿತ್ತು. ಹಿಂದಿನ ತಿಂಗಳು ಈ ಹೆಂಗಸರ ಫೋನುಗಳು ಒಂದೊಂದಾಗಿ 'ಹಸಿರು ಬಾಣ' ಎಂಬ ಗ್ರೂಪಿಗೆ ಸೇರಿಕೊಂಡಿದ್ದವು. ಅದನ್ನು ನಡೆಸುವವನು ತನ್ನನ್ನು ಮಾರ್ಕೆಟ್ ಮೇಷ್ಟ್ರು ಎಂದು ಕರೆದುಕೊಳ್ಳುತ್ತಿದ್ದ. ಒಂದು ಪೈಪು ಕಂಪನಿಯ ಶೇರು ನಾಲ್ಕು ರೂಪಾಯಿಗೆ ಸಿಗುತ್ತಿದೆ, ನಲವತ್ತಕ್ಕೆ ಹೋಗುತ್ತದೆ, ಇವತ್ತೇ ತಗೊಳ್ಳಿ ಎಂದು ಹತ್ತೊಂಬತ್ತನೇ ತಾರೀಖಿನಿಂದ ಇಪ್ಪತ್ತೊಂಬತ್ತರವರೆಗೆ, ಮಾರುಕಟ್ಟೆ ನಡೆದ ಒಂಬತ್ತು ದಿನವೂ, ಒಂದೊಂದು ಸಂದೇಶ. ಎಲ್ಲರ ಫೋನಿನಲ್ಲೂ ಒಂದು ಹಳದಿ ಆ್ಯಪ್. ಖಾತೆ ತೆರೆಯಲು ದುಡ್ಡು ಕೊಡಬೇಕಿಲ್ಲ, ಶೇರು ಕೊಳ್ಳಲು ಕಮಿಷನ್ ಇಲ್ಲ. ಶೇರು ದಿನಾ ಏರಿತು, ಒಂಬತ್ತೂವರೆ ಮುಟ್ಟಿತು. ಮೂವತ್ತನೇ ತಾರೀಖು ಸಂದೇಶ ಬರಲಿಲ್ಲ, ಗ್ರೂಪೇ ಮಾಯ. ಶೇರು ಮೂರಕ್ಕೆ ಇಳಿಯಿತು. ಮಾರೋಣವೆಂದರೆ ಕೊಳ್ಳುವ ನರಪಿಳ್ಳೆಯೂ ಇಲ್ಲ. ನಲವತ್ತೊಂದು ಮಂದಿ ಹಾಕಿದ ಹಣ ಮೂರು ಲಕ್ಷ ಹನ್ನೆರಡು ಸಾವಿರ.

"ಬರವಣಿಗೆ ಚೆನ್ನಾಗಿದೆ. ಯಾರು ಬರೆದದ್ದು?"

"ನಮ್ಮ ಲಾಕರ್ ಅಕ್ಕ. ಕೆಲಸದ ಹೊತ್ತಲ್ಲಿ ನಮ್ಮ ಫೋನ್ ಇಟ್ಟುಕೊಳ್ಳೋದು ಅವರೇ. ಎಡಗೈಲಿ ಎಷ್ಟು ಚೆನ್ನಾಗಿ ಬರೀತಾರೆ ನೋಡಿ."

ಹಿಂದಿನ ಸಾಲಿನಲ್ಲಿ ನಿಂತಿದ್ದ, ಬಲಗೈಯನ್ನು ಶಾಲಿನೊಳಗೆ ಇಟ್ಟುಕೊಂಡಿದ್ದ ಹೆಂಗಸು ತಲೆ ಬಗ್ಗಿಸಿದಳು. ದುಡ್ಡು ಕಳೆದುಕೊಂಡವರು ನಲವತ್ತೊಂದು ಮಂದಿ, ನಲವತ್ತೆರಡನೆಯವಳು ಆಕೆ.

"ಈ ಶೇರು ನಿಮಗೆ ಯಾಕೆ ಬೇಕಿತ್ತಮ್ಮ?" ಎಂದು ಇನ್ಸ್‌ಪೆಕ್ಟರು ಕೇಳಿಬಿಟ್ಟರು. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

"ಹದಿನೆಂಟು ವರ್ಷ ಆಯ್ತು ಸಾರ್, ದಿನಕ್ಕೆ ಎಂಟುನೂರು ಬಟನ್ ಹಾಕ್ತೀನಿ," ಎಂದಳು ಬಟನ್. "ಹೋದ ವರ್ಷ ಸಂಬಳ ಏರಿಸಿದ್ದು ನೂರಾ ಇಪ್ಪತ್ತು ರೂಪಾಯಿ. ನಾಲ್ಕು ರೂಪಾಯಿದು ನಲವತ್ತಾಗುತ್ತೆ ಅಂದ್ರೆ ನೀವಾದ್ರೆ ಬಿಡ್ತಿದ್ರಾ?"

11:45ಕ್ಕೆ ಅಪರಾಧ ಸಂಖ್ಯೆ 114ರಂತೆ ಎಫ್‌ಐಆರ್ ದಾಖಲಾಯಿತು.

ಹೆಂಗಸರು ಹೋದ ಮೇಲೆ ದಫೇದಾರ ತಾನಾಗಿಯೇ ಪಾಠ ಶುರುಮಾಡಿದ. "ಇದು ಪೆನ್ನಿ ಶೇರು ಸಾರ್. ಜುಜುಬಿ ಬೆಲೆ, ದಿನಕ್ಕೆ ನಾಲ್ಕು ಜನ ಕೊಂಡರೆ ಹೆಚ್ಚು. ಇಂಥದ್ದಕ್ಕೆ ನಲವತ್ತು ಜನ ಒಟ್ಟಿಗೆ ನುಗ್ಗಿದ್ರೆ ಬೆಲೆ ತಾನಾಗೇ ಏರುತ್ತೆ. ಮೊದಲೇ ರಾಶಿ ಇಟ್ಟುಕೊಂಡವನು ಏರಿದ ಬೆಲೆಗೆ ಅವರಿಗೇ ಮಾರಿ ಕೈತೊಳಕೊಳ್ತಾನೆ."

"ಇಷ್ಟೆಲ್ಲ ನಿನಗೆ ಹೇಗೆ ಗೊತ್ತು?"

"ಪೇಪರ್ ಓದ್ತೀನಲ್ಲ ಸಾರ್," ಎಂದು ದಫೇದಾರ ಟೋಪಿ ಸರಿಮಾಡಿಕೊಂಡ.

ಹನ್ನೊಂದನೇ ತಾರೀಖು, ಮಂಗಳವಾರ, 12:10ಕ್ಕೆ ಇಬ್ಬರೂ ಹಳದಿ ಆ್ಯಪಿನ ಕಚೇರಿಯಲ್ಲಿದ್ದರು. ಗಾಜಿನ ಗೋಡೆ, ಕೂತರೆ ಮೂಟೆಯಂತೆ ಕುಸಿಯುವ ಕುರ್ಚಿಗಳು. ಅದರಿಂದ ಎದ್ದೇಳಲು ದಫೇದಾರನಿಗೆ ಮೇಜಿನ ಆಸರೆ ಬೇಕಾಯಿತು. ಪೊಲೀಸರಿಗೆ ಉತ್ತರ ಕೊಡಲೆಂದೇ ನೇಮಿಸಿದ ಅಧಿಕಾರಿಗೆ ಮೂವತ್ತು ತುಂಬಿರಲಿಲ್ಲ. ಮಾತು ಬಹಳ ನಯ.

"ಆ ಶೇರು ಅಪಾಯದ ಪಟ್ಟಿಯಲ್ಲಿತ್ತು ಸಾರ್. ನಾವು ಎಚ್ಚರಿಕೆ ತೋರಿಸ್ತೀವಿ."

"ಎಲ್ಲಿ? ತೋರಿಸಿ."

ಅವನು ತನ್ನ ಫೋನು ಚಾಚಿದ. ಕೆಳಗೆ ಬೂದು ಬಣ್ಣದಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ, ಇಂಗ್ಲಿಷಿನಲ್ಲಿ ಎರಡು ಸಾಲು. ಅದರ ಮೇಲೆ ಹೆಬ್ಬೆರಳಿನಷ್ಟು ದೊಡ್ಡ ಹಸಿರು ಗುಂಡಿ.

"ಇದನ್ನು ಯಾರು ಓದ್ತಾರೆ?"

"ಓದಿದ್ದೇವೆ ಅಂತ ಎಲ್ಲರೂ ಟಿಕ್ ಮಾಡಿದ್ದಾರೆ ಸಾರ್."

"ಕೊಂಡ ಮೇಲೆ ಪರದೆ ತುಂಬ ಬಣ್ಣದ ಚೂರು ಉದುರುತ್ತಂತೆ?"

"ಅದು ಗ್ರಾಹಕರ ಸಂತೋಷಕ್ಕೆ ಸಾರ್."

"ಮುಳುಗಿದಾಗ ಏನು ಉದುರುತ್ತೆ?"

ಅಧಿಕಾರಿ ನೀರಿನ ಲೋಟ ಮುಂದಕ್ಕೆ ಸರಿಸಿದ. ಇನ್ಸ್‌ಪೆಕ್ಟರಿಗೆ ಪಿತ್ತ ನೆತ್ತಿಗೇರಿತು. ಸಂತೆಯಲ್ಲಿ ತೂಕ ಕಡಿಮೆ ಮಾಡುವವನಿಗೂ ಸಿಕ್ಕಿಬಿದ್ದಾಗ ಮುಖ ಕೆಂಪಾಗುತ್ತದೆ. ಇಲ್ಲಿ ಆ ಸೌಜನ್ಯವೂ ಇಲ್ಲ. ಆದರೂ ಕಾಗದ ಬೇಕಿತ್ತು, ನೀರು ಕುಡಿದರು.

ಕಾಗದ ಸಿಕ್ಕಿತು. ಆ ಒಂಬತ್ತು ದಿನ ಹೆಂಗಸರು ಕೊಂಡ ಶೇರುಗಳಲ್ಲಿ ಮೂವತ್ತಾರು ಸಾವಿರ ಬಂದದ್ದು ಒಂದೇ ಖಾತೆಯಿಂದ. ಮಾರಿ ಬಂದ ಹಣ ಎರಡು ಲಕ್ಷ ಎಂಬತ್ತು ಸಾವಿರ ಚಿಲ್ಲರೆ. ಆ ಖಾತೆಗೆ ಜೋಡಿಸಿದ ಬ್ಯಾಂಕಿನಿಂದ ಚಿಲ್ಲರೆ ಬಿಟ್ಟು ಅಷ್ಟೂ ಎಟಿಎಂನಲ್ಲಿ ನಗದಾಗಿ ಹೊರಹೋಗಿದೆ. ಖಾತೆದಾರಳ ವಿಳಾಸ ಅದೇ ಶರ್ಟ್ ಕಾರ್ಖಾನೆ.

"ಇನ್ನೂ ನಾಲ್ಕು ಸಾವಿರ ಶೇರು ಖಾತೆಯಲ್ಲೇ ಬಿದ್ದಿದೆ," ಎಂದು ದಫೇದಾರ ಬೆರಳಿಟ್ಟು ತೋರಿಸಿದ. "ಬೆಲೆ ಒಂಬತ್ತೂವರೆ ಇದ್ದಾಗ ಯಾವ ಕಳ್ಳ ಬಿಡ್ತಾನೆ ಸಾರ್?"

ಈ ಶೇರು ಆ ಖಾತೆಗೆ ಬಂದದ್ದು ಎಲ್ಲಿಂದ ಎಂಬುದು ಆ್ಯಪಿನವರ ಬಳಿ ಇರಲಿಲ್ಲ. ಶೇರುಗಳ ದಾಖಲೆ ಇಡುವ ಸಂಸ್ಥೆಗೆ ಬರೆಯಬೇಕು. ಅಲ್ಲಿಂದಲೇ ಬರೆದು ಕಳಿಸಿದರು.

ಖಾತೆದಾರಳನ್ನು ಕಾರ್ಖಾನೆಯಲ್ಲಿ ಕಾಲರ್ ಎನ್ನುತ್ತಿದ್ದರು. ಮೂವತ್ತೆರಡು ವರ್ಷ, ಕೊಠಡಿಗೆ ಬಂದರೂ ಗೋಡೆಗೆ ಅಂಟಿಕೊಂಡು ನಿಲ್ಲುವ ಜಾತಿ. ಹನ್ನೆರಡನೇ ತಾರೀಖು ಬುಧವಾರ 4:30ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಜೊತೆ ಬಂದಳು.

"ಈ ಖಾತೆ ನಿನ್ನದಾ?"

"ಹೆಸರು ನನ್ನದೇ ಸಾರ್."

"ಯಾವಾಗ ತೆರೆದೆ?"

"ಲಾಕರ್ ಅಕ್ಕ ತೆರೆದುಕೊಟ್ರು. ಒಬ್ಬರನ್ನ ಸೇರಿಸಿದ್ರೆ ಅವರಿಗೆ ಮುನ್ನೂರು ರೂಪಾಯಿ ಬರ್ತಿತ್ತಂತೆ. ಕ್ಯಾಮೆರಾ ನೋಡು ಅಂದ್ರು, ನೋಡಿದೆ. ಕಣ್ಣು ಮಿಟುಕಿಸು ಅಂದ್ರು, ಮಿಟುಕಿಸಿದೆ. ಎಲ್ಲರಿಗೂ ಹಂಗೇ ಮಾಡಿಕೊಟ್ಟಿದಾರೆ."

"ನೀನು ಶೇರು ಕೊಂಡಿದ್ದೀಯಾ?"

"ಇಲ್ಲ ಸಾರ್. ನನಗೆ ಅದು ತಿಳಿಯಲ್ಲ."

"ಮಾರಿದ್ದು?"

ಅವಳ ಕಣ್ಣಲ್ಲಿ ನೀರು ತುಂಬಿತು. ಕೊಳ್ಳದ್ದನ್ನು ಮಾರುವುದು ಹೇಗೆ ಎಂದು ಕೇಳಬಹುದಿತ್ತು. ಕೇಳಲಿಲ್ಲ.

ಸುದ್ದಿ ಠಾಣೆಯಿಂದ ಹೇಗೆ ಹೊರಗೆ ಹೋಯಿತೋ ದೇವರೇ ಬಲ್ಲ. ಗುರುವಾರ ಬೆಳಿಗ್ಗೆ ಕಾರ್ಖಾನೆಯಲ್ಲಿ ಅವಳ ಮಶೀನಿನ ಸೂಜಿಗಳನ್ನು ಯಾರೋ ಮುರಿದಿಟ್ಟಿದ್ದರು. ಅವಳ ಊಟದ ಡಬ್ಬಿ ಕಕ್ಕಸಿನ ಬಾಗಿಲಲ್ಲಿ ಬಿದ್ದಿತ್ತು. ಹತ್ತು ವರ್ಷ ಪಕ್ಕದಲ್ಲಿ ಕೂತು ಹೊಲಿದವಳೇ, "ನಮ್ಮ ಸಾಲಲ್ಲಿ ಇವಳೊಬ್ಬಳೇ ಒಂದು ರೂಪಾಯೂ ಹಾಕಿರಲಿಲ್ಲ, ಆಗಲೇ ತಿಳೀಬೇಕಿತ್ತು," ಎಂದಳಂತೆ. ಮ್ಯಾನೇಜರು ಕೆಲಸಕ್ಕೆ ಕೂರಿಸದೆ ವಾಪಸು ಕಳಿಸಿದ. ಮನೆಗೆ ಹೋದರೆ ಭಾವ ಬಾಗಿಲಲ್ಲೇ ನಿಂತು, ದುಡ್ಡು ಎಲ್ಲಿಟ್ಟಿದ್ದೀಯಾ, ಅದರಲ್ಲಿ ನಮಗೆಷ್ಟು ಎಂದು ಕೇಳಿದನಂತೆ. ಗಂಡ ಒಳಗಿಂದ ಎದ್ದು ಬರಲಿಲ್ಲ. ಇದನ್ನೆಲ್ಲ ಮಹಿಳಾ ಕಾನ್‌ಸ್ಟೇಬಲ್ ಸಿಟ್ಟಿನಿಂದಲೇ ವರದಿ ಮಾಡಿದಳು.

ಅದೇ ದಿನ 11:15ಕ್ಕೆ ಮೇಲಿನ ಸಾಹೇಬರ ಫೋನು.

"ಹೆಸರು ಸಿಕ್ಕಿದೆ, ಖಾತೆ ಸಿಕ್ಕಿದೆ, ಇನ್ನೇನು ಕಾಯ್ತಿದ್ದೀರಿ? ಶನಿವಾರ ಸಂಜೆಯೊಳಗೆ ಬಂಧಿಸಿ ಹಾಜರುಪಡಿಸಿ. ಪತ್ರಿಕೆಯವರು ಕೇಳ್ತಿದ್ದಾರೆ."

"ಅವಳು ಮಾಡಿದ್ದಲ್ಲ ಅನ್ನಿಸುತ್ತೆ ಸಾರ್."

"ನಿಮಗೆ ಅನ್ನಿಸೋದನ್ನ ಚಾರ್ಜ್‌ಶೀಟಿನಲ್ಲಿ ಯಾವ ಕಲಮಿನಲ್ಲಿ ಬರೀತೀರಿ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಇಲಾಖೆಗೆ ಹೊಸದಲ್ಲ. ಇನ್ಸ್‌ಪೆಕ್ಟರು ತಾವೇ ಎರಡು ಸಲ ಎಳೆದಿದ್ದರು, ಎರಡೂ ನೆನಪಿತ್ತು. ಫೋನು ಇಟ್ಟು ಕಡತ ಬಿಚ್ಚಿ, ಹೆಂಗಸರ ಫೋನಿನಿಂದ ತೆಗೆದ ಸಂದೇಶಗಳ ಹಾಳೆಯನ್ನು ಮತ್ತೊಮ್ಮೆ ಓದಿದರು. ಈ ಸಲ ಮಾತು ಬಿಟ್ಟು ಸಮಯವನ್ನಷ್ಟೇ ಓದಿದರು. ಹತ್ತೊಂಬತ್ತು, 10:42. ಇಪ್ಪತ್ತು, 10:42. ಇಪ್ಪತ್ತೊಂದು, 10:41. ಇಪ್ಪತ್ತೆರಡು, 11:02. ಇಪ್ಪತ್ತಮೂರು, 10:42. ಉಳಿದ ನಾಲ್ಕು ದಿನವೂ 10:41, 10:42.

ಮಧ್ಯಾಹ್ನ ಕಾಲರಿನ ಮನೆಗೇ ಹೋದರು. ಒಂದೇ ಕೋಣೆ, ನೆಲದ ಮೇಲೆ ಅರ್ಧ ಮಡಚಿದ ಬಟ್ಟೆ. ಕೆಲಸವಿಲ್ಲದ ಕೈ ಅದನ್ನೇ ಬಿಚ್ಚಿ ಬಿಚ್ಚಿ ಮಡಚುತ್ತಿತ್ತು.

"ನಿಮಗೆ ಟೀ ಬಿಡುವು ಎಷ್ಟು ಹೊತ್ತಿಗೆ?"

"ಹತ್ತು ನಲವತ್ತಕ್ಕೆ ಗಂಟೆ ಹೊಡೀತಾರೆ ಸಾರ್. ಹದಿನೈದು ನಿಮಿಷ. ಆಗ ಫೋನ್ ಈಸ್ಕೊಂಡು ನೋಡ್ಬಹುದು."

"ಹೋದ ತಿಂಗಳು ಇಪ್ಪತ್ತೆರಡು, ಗುರುವಾರ. ಅವತ್ತು?"

ಅವಳು ಯೋಚಿಸಿದಳು. "ಅವತ್ತು ಬಾಯ್ಲರ್ ಕೆಟ್ಟಿತ್ತು. ಟೀ ಹನ್ನೊಂದಕ್ಕೆ ಅಂತ ಹತ್ತೂಕಾಲಿಗೆ ಮೈಕಲ್ಲಿ ಹೇಳಿದ್ರು."

ಅಲ್ಲಿಗೆ ಮಾರ್ಕೆಟ್ ಮೇಷ್ಟ್ರು ದೂರದ ಯಾವುದೋ ಗಾಜಿನ ಕಟ್ಟಡದಿಂದ ಇಳಿದು ಶರ್ಟ್ ಕಾರ್ಖಾನೆಯ ಕಾಂಪೌಂಡಿನೊಳಕ್ಕೆ ಬಂದ. ಬಾಯ್ಲರ್ ಕೆಟ್ಟದ್ದು ಹೊರಗಿನ ಯಾರಿಗೂ ಗೊತ್ತಿರಲಿಲ್ಲ.

ಜೀಪಿನಲ್ಲಿ ವಾಪಸು ಬರುವಾಗ ದಫೇದಾರ ಎರಡು ಸಲ ಕೆಮ್ಮಿದ.

"ಹೇಳು," ಎಂದರು ಇನ್ಸ್‌ಪೆಕ್ಟರು.

"ಸಾರ್, ನನ್ನ ಹತ್ರಾನೂ ಆ ಪೈಪು ಶೇರಿದೆ. ಮುನ್ನೂರು."

"ಪೇಪರ್ ಓದ್ತೀನಿ ಅಂದೆ!"

"ಪೇಪರಲ್ಲ ಸಾರ್, ವಿಡಿಯೋ. ಒಬ್ಬ ಕೋಟು ಹಾಕ್ಕೊಂಡು ಹೇಳ್ತಾನೆ. ಏಳು ಲಕ್ಷ ಜನ ನೋಡ್ತಾರೆ. ಆರು ತಿಂಗಳ ಹಿಂದೆ ಏಳು ರೂಪಾಯಿಗೆ ತಗೊಳ್ಳಿ ಅಂದ, ತಗೊಂಡೆ. ವಾರದಲ್ಲಿ ನಾಲ್ಕಾಯ್ತು. ಮನೇಲಿ ಹೇಳಿಲ್ಲ."

ಇನ್ಸ್‌ಪೆಕ್ಟರಿಗೆ ನಗುವೂ ಬಂತು, ಸಿಟ್ಟೂ ಬಂತು. "ಇಳಿದಾಗ ನಿನಗೆ ಏನು ಮಾಡಬೇಕು ಅನ್ನಿಸ್ತು? ನಿಜ ಹೇಳು."

"ಯಾರ ತಲೆಗಾದ್ರೂ ಕಟ್ಟಿ ನಮ್ಮ ದುಡ್ಡು ನಾವು ತಗೊಂಡು ಹೋಗೋಣ ಅನ್ನಿಸ್ತು ಸಾರ್. ಕೊಳ್ಳೋರೇ ಇರಲಿಲ್ಲ."

ಜೀಪು ಠಾಣೆ ಮುಟ್ಟುವವರೆಗೆ ಇನ್ಸ್‌ಪೆಕ್ಟರು ಆ ಮಾತನ್ನೇ ಮೆಲುಕು ಹಾಕಿದರು.

ಹದಿನಾಲ್ಕನೇ ತಾರೀಖು, ಶುಕ್ರವಾರ, 9:50ಕ್ಕೆ ಅವರು ಕಾರ್ಖಾನೆಯ ಒಳಗಿದ್ದರು. ಮುನ್ನೂರು ಮಶೀನುಗಳ ಸದ್ದಿನಲ್ಲಿ ಮಾತಾಡಲು ಕಿವಿಯ ಹತ್ತಿರ ಬಾಯಿ ಒಯ್ಯಬೇಕು. ಪ್ರತಿ ಸಾಲಿನ ಕೊನೆಯಲ್ಲೂ ಒಂದು ಹಲಗೆ, ಅರ್ಧ ಗಂಟೆಗೊಮ್ಮೆ ಯಾರು ಎಷ್ಟು ಹೊಲಿದರು ಎಂದು ಅದರಲ್ಲಿ ಬರೆಯುತ್ತಾರೆ. ಹಲಗೆಯ ನಕಲು ರಿಜಿಸ್ಟರಿನಲ್ಲಿತ್ತು. ಆ್ಯಪಿನ ದಾಖಲೆಯ ಪ್ರಕಾರ ಮಾರಾಟಕ್ಕೆ ಇಟ್ಟದ್ದೆಲ್ಲ ಕಾಲರಿನ ಸ್ವಂತ ಫೋನಿನಿಂದಲೇ, ದಿನಾ ಟೀ ಗಂಟೆಗೆ ಹತ್ತು ನಿಮಿಷ ಮುಂಚೆ. ಆದರೆ ಒಂಬತ್ತು ದಿನವೂ ಆ ಅರ್ಧ ಗಂಟೆಯಲ್ಲಿ ಕಾಲರ್ ಇಪ್ಪತ್ತೆಂಟರಿಂದ ಮೂವತ್ತೊಂದು ಕಾಲರು ಹೊಲಿದಿದ್ದಳು. ಒಂದು ದಿನವೂ ಕಡಿಮೆ ಇಲ್ಲ. ಬಾತ್‌ರೂಮಿಗೆ ಎದ್ದರೆ ಹಲಗೆಯಲ್ಲಿ ಕೆಂಪು ಗುರುತು ಬೀಳುತ್ತದೆ, ಅದೂ ಇಲ್ಲ. ಅವಳು ಇಲ್ಲಿ, ಫೋನು ಅಲ್ಲಿ.

ಅಲ್ಲಿ ಎಂದರೆ ಮೆಟ್ಟಿಲ ಕೆಳಗಿನ ಲಾಕರ್ ಕೋಣೆ. ಗೋಡೆ ತುಂಬ ನಂಬರು ಹಚ್ಚಿದ ಮರದ ಗೂಡುಗಳು, ಮುಂದೆ ಕಬ್ಬಿಣದ ಜಾಲರಿ ಬಾಗಿಲು. ಬೀಗದ ಕೈ ಒಂದೇ. ಕಾಲರಿನ ಗೂಡು ನಲವತ್ತೇಳು. ಲಾಕರ್ ಅಕ್ಕ ಸ್ಟೂಲಿನಿಂದ ಎದ್ದು ನಿಂತಳು. ಶಾಲು ಜಾರಿತು. ಬಲಗೈಯ ತೋರುಬೆರಳೂ ನಡುಬೆರಳೂ ಬುಡದಿಂದಲೇ ಇರಲಿಲ್ಲ.

"ಬಟ್ಟೆ ಕತ್ತರಿಸೋ ಬ್ಲೇಡಿಗೆ ಸಿಕ್ಕಿದ್ದು ಸಾರ್," ಎಂದಳು, ಕೇಳುವ ಮೊದಲೇ. "ಎರಡು ವರ್ಷ ಆಯ್ತು. ಆಮೇಲೆ ಇಲ್ಲಿ ಹಾಕಿದ್ರು."

"ಇವರ ಫೋನುಗಳಿಗೆ ಲಾಕ್ ಇರಲ್ವಾ?"

ಅವಳ ಕಣ್ಣು ಮೂಲೆಯ ತೆರೆದ ಬೀರುವಿನ ಕಡೆ ಹೋಯಿತು. ಬೀರುವಿನ ಬಾಗಿಲ ಒಳಬದಿಯಲ್ಲಿ ಅಂಟಿಸಿದ್ದ ಹಾಳೆಯನ್ನು ದಫೇದಾರ ನೋಡಿದ. ಎಡಗೈಯ ಅದೇ ಮುದ್ದಾದ ಅಕ್ಷರ. ಗೂಡಿನ ನಂಬರು, ಮುಂದೆ ಫೋನು ತೆರೆಯುವ ನಾಲ್ಕಂಕಿ, ಅದರ ಮುಂದೆ ಮಗುವಿನ ಶಾಲೆ, ಅತ್ತೆಯ ಆಸ್ಪತ್ರೆ. ಒಳಗೆ ಹೊಲಿಯುವವಳಿಗೆ ಫೋನಿನ ಸದ್ದು ಕೇಳಿಸುವುದಿಲ್ಲ. ಶಾಲೆಯಿಂದಲೋ ಆಸ್ಪತ್ರೆಯಿಂದಲೋ ಕರೆ ಬಂದರೆ ಅಕ್ಕ ತೆಗೆದು ಮಾತಾಡಿ, ಓಡಿಹೋಗಿ ಹೇಳಬೇಕು. ಅದಕ್ಕಾಗಿ ಮುನ್ನೂರು ಹೆಂಗಸರು ತಮ್ಮ ಫೋನಿನ ಕೀಲಿಯನ್ನು ಅವಳ ಕೈಗೆ ತಾವಾಗಿಯೇ ಕೊಟ್ಟಿದ್ದರು. ಎರಡು ವರ್ಷದಲ್ಲಿ ಅವಳು ಹೀಗೆ ಓಡಿಹೋಗಿ ಒಂದು ಹೆರಿಗೆ, ಎರಡು ಅಪಘಾತ, ಲೆಕ್ಕವಿಲ್ಲದಷ್ಟು ಜ್ವರದ ಸುದ್ದಿ ಮುಟ್ಟಿಸಿದ್ದಳಂತೆ. ಇನ್ಸ್‌ಪೆಕ್ಟರು ಆ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಕಳ್ಳತನ ಎಷ್ಟೋ ನೋಡಿದ್ದರು, ಇಂಥ ನಂಬಿಕೆಯ ಪಟ್ಟಿಯನ್ನು ನೋಡಿರಲಿಲ್ಲ.

ಟಪಾಲು ಪಡೆಯುವ ರಿಜಿಸ್ಟರೂ ಅಲ್ಲೇ ಇತ್ತು. ಹಿಂದಿನ ತಿಂಗಳ ಆರನೇ ತಾರೀಖು ಕಾಲರಿನ ಹೆಸರಿಗೆ ಬ್ಯಾಂಕಿನ ಎಟಿಎಂ ಕಾರ್ಡಿನ ಲಕೋಟೆ. ಪಡೆದವರ ಸಹಿಯ ಜಾಗದಲ್ಲಿ ಎಡಗೈ ಅಕ್ಷರ. ಇನ್ಸ್‌ಪೆಕ್ಟರು ಹಾಳೆಯನ್ನೂ ಎರಡೂ ರಿಜಿಸ್ಟರುಗಳನ್ನೂ ವಶಕ್ಕೆ ತೆಗೆದುಕೊಂಡು, ಗೇಟಿನಲ್ಲಿ ಮಹಿಳಾ ಕಾನ್‌ಸ್ಟೇಬಲ್ಲನ್ನು ಕಾವಲಿಗೆ ಬಿಟ್ಟು, ಏನೂ ಹೇಳದೆ ಹೊರಟರು. ಕೊನೆಯ ಕಾಗದ ಇನ್ನೂ ಬರಬೇಕಿತ್ತು.

ಶನಿವಾರ 9:05ಕ್ಕೆ ಶೇರು ದಾಖಲೆಯ ಸಂಸ್ಥೆಯಿಂದ ಅದು ಬಂತು. ಆ ನಲವತ್ತು ಸಾವಿರ ಪೈಪು ಶೇರುಗಳು ಕಾಲರಿನ ಖಾತೆಗೆ ಬಂದದ್ದು ಲಾಕರ್ ಅಕ್ಕನ ಖಾತೆಯಿಂದ. ಆಕೆ ಅದನ್ನು ಕೊಂಡದ್ದು ಆರು ತಿಂಗಳ ಹಿಂದೆ, ಏಳು ರೂಪಾಯಿಯಂತೆ. ವರ್ಗಾವಣೆಯ ಕಾರಣ ಎಂಬ ಕಡೆ ಒಂದೇ ಪದ: ಉಡುಗೊರೆ.

10:25ಕ್ಕೆ ಲಾಕರ್ ಕೋಣೆಯಲ್ಲಿ ಪಂಚನಾಮೆ ಶುರುವಾಯಿತು. ಪಂಚರು ಇಬ್ಬರು: ಹಾಜರಿ ಗುಮಾಸ್ತ, ಗೇಟಿನ ಎದುರಿನ ಟೀ ಅಂಗಡಿಯವನು. ಹತ್ತೊಂಬತ್ತನೇ ಗೂಡಿನಲ್ಲಿ, ಕೆಲಸ ಬಿಟ್ಟು ಹೋದ ಯಾರೋ ಮರೆತಿದ್ದ ಹಳೆಯ ಫೋನು. ಅದರೊಳಗೆ ಅಳಿಸಿದ್ದರೂ ಕುರುಹು ಉಳಿದಿದ್ದ ಹಸಿರು ಬಾಣ, ಮತ್ತು ಮಾರ್ಕೆಟ್ ಮೇಷ್ಟ್ರು. ಬೀರುವಿನ ಕೆಳಗಿನ ಖಾನೆಯಲ್ಲಿ, ಪ್ರಥಮ ಚಿಕಿತ್ಸೆಯ ಡಬ್ಬಿಯ ಹಿಂದೆ, ಬ್ಲೇಡಿನ ಕೆಲಸದವರು ಹಾಕಿಕೊಳ್ಳುವ ಲೋಹದ ಬಲೆಯ ಕೈಗವಸು. ಹೊಸದು, ಲೇಬಲ್ಲೂ ಕಿತ್ತಿಲ್ಲ. ಅದರೊಳಗೆ ತುರುಕಿದ್ದ ನೋಟಿನ ಕಟ್ಟುಗಳು. ಎಣಿಸಿದಾಗ ಎರಡು ಲಕ್ಷ ಎಂಬತ್ತು ಸಾವಿರ. ಒಂದು ನೋಟೂ ಹೆಚ್ಚಿಲ್ಲ, ಒಂದು ನೋಟೂ ಕಡಿಮೆಯಿಲ್ಲ.

"ಈ ಗವಸು ಯಾವಾಗ ಬಂತು?"

"ನನ್ನ ಕೈ ಹೋದ ಮಾರನೇ ದಿನ ಎಲ್ಲರಿಗೂ ಕೊಟ್ರು ಸಾರ್. ನನಗೂ ಒಂದು ಕೊಟ್ರು."

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವವರು ಎಲ್ಲ ಕಡೆಯೂ ಇದ್ದಾರೆ. ಇನ್ಸ್‌ಪೆಕ್ಟರು ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರಿನ ಕಡೆ ನೋಡಿದರು. ಮ್ಯಾನೇಜರು ತನ್ನ ಶೂ ನೋಡಿಕೊಂಡ.

"ಬೆರಳಿಗೆ ಪರಿಹಾರ ಎಷ್ಟು ಕೊಟ್ಟರು?"

"ಒಂದೊಂದಕ್ಕೆ ಒಂದು ಲಕ್ಷ ನಲವತ್ತು ಸಾವಿರ."

ದಫೇದಾರ ಬರೆಯುವುದನ್ನು ನಿಲ್ಲಿಸಿದ. ನಾಲ್ಕು ಸಾವಿರ ಶೇರು ಯಾಕೆ ಹಾಗೇ ಉಳಿದಿತ್ತು ಎಂಬುದಕ್ಕೆ ಈಗ ಲೆಕ್ಕ ಸಿಕ್ಕಿತ್ತು. ಕಳೆದುಕೊಂಡದ್ದು ಕೈಗೆ ಬಂದ ದಿನ ಅವಳು ಮಾರುವುದನ್ನು ನಿಲ್ಲಿಸಿದ್ದಳು.

"ನಾನು ನನ್ನದಷ್ಟೇ ತಗೊಂಡೆ ಸಾರ್," ಎಂದಳು ಲಾಕರ್ ಅಕ್ಕ. "ಆ ವಿಡಿಯೋದ ಕೋಟಿನವನು ಡಬಲ್ ಆಗುತ್ತೆ ಅಂದ, ಅಷ್ಟೂ ಹಾಕ್ಬಿಟ್ಟೆ. ಹದಿನೈದು ದಿನದಲ್ಲಿ ಅರ್ಧ ಹೋಯ್ತು. ಅವನಿಗೆ ಮೆಸೇಜ್ ಹಾಕಿದೆ, ಬ್ಲಾಕ್ ಮಾಡಿದ. ಆ್ಯಪಿನವರಿಗೆ ಫೋನ್ ಮಾಡಿದೆ, ಒಂದು ಒತ್ತಿ ಎರಡು ಒತ್ತಿ ಅಂದ್ರು. ಒತ್ತೋಕೆ ಬೆರಳಾದ್ರೂ ಇರಬೇಕಲ್ಲ ಸಾರ್?"

"ನಿನ್ನದು ನಿನ್ನ ಕೈಗೆ ಬಂದದ್ದು ಯಾರ ಕೈಯಿಂದ?" ಇನ್ಸ್‌ಪೆಕ್ಟರ ದನಿ ಏರಿತು. "ಬಟನ್‌ದು ಒಂಬತ್ತು ಸಾವಿರ. ಜೇಬಿನವಳದ್ದು ಮಗಳ ಫೀಸು. ನಿನಗೆ ಮೋಸ ಮಾಡಿದವನು ಕೋಟು ಹಾಕಿಕೊಂಡು ಕೂತಿದ್ದಾನೆ. ನೀನು ಅವನನ್ನು ಬಿಟ್ಟು ಇವರನ್ನು ಹಿಡಿದೆಯಲ್ಲ!"

"ಅವನು ನನಗೆ ಎಟುಕಲಿಲ್ಲ ಸಾರ್," ಎಂದಳು. "ಇವರು ಎಟುಕಿದ್ರು."

"ದುಡ್ಡು ಖರ್ಚು ಯಾಕೆ ಮಾಡಲಿಲ್ಲ?"

"ಅದು ನನ್ನ ಬೆರಳು. ಹೆಂಗೆ ಖರ್ಚು ಮಾಡ್ಲಿ?"

10:40ಕ್ಕೆ ಗಂಟೆ ಹೊಡೆಯಿತು. ಮಶೀನುಗಳ ಸದ್ದು ಒಮ್ಮೆಲೇ ನಿಂತು ಹೆಂಗಸರು ಮೆಟ್ಟಿಲಿಳಿದು ಬಂದರು, ಫೋನಿಗೆ ಕೈ ಚಾಚಲೆಂದು. ಜಾಲರಿ ಬಾಗಿಲಲ್ಲಿ ಪೊಲೀಸರನ್ನು ಕಂಡು ನಿಂತರು. ಹೇಳಿಕೆ ಬರೆಸಲು ಕರೆಸಿದ್ದ ಕಾಲರ್ ಗೇಟಿನ ಕಡೆಯಿಂದ ಬಂದಳು. ಅವಳಿಗೆ ದಾರಿ ಬಿಡುವಾಗ ಬಟನ್ ಮುಖ ತಗ್ಗಿಸಿದಳು.

ಎರಡು ವರ್ಷದ ಹಿಂದೆ ಬ್ಲೇಡು ಹರಿದ ದಿನ ಓಡಿಬಂದು, ತಾನು ಹೊಲಿಯುತ್ತಿದ್ದ ಬಿಳಿ ಕಾಲರುಗಳನ್ನೇ ಆ ಕೈಗೆ ಸುತ್ತಿದವಳು ಕಾಲರ್. ಹಾಳಾದ ಹದಿನಾಲ್ಕು ಕಾಲರುಗಳ ಬೆಲೆಯನ್ನು ಮ್ಯಾನೇಜರು ಅವಳ ಸಂಬಳದಲ್ಲಿ ಹಿಡಿದುಕೊಂಡಿದ್ದ. ಆಗಲೂ ಅವಳು ಏನೂ ಕೇಳಿರಲಿಲ್ಲ.

ಈಗ ಕೇಳಿದಳು. "ಅಕ್ಕಾ, ಮುನ್ನೂರು ಜನ ಇದ್ರು. ನನ್ನ ಹೆಸರೇ ಯಾಕೆ?"

ಲಾಕರ್ ಅಕ್ಕ ಶಾಲನ್ನು ಬಲಗೈ ಮೇಲೆ ಎಳೆದುಕೊಂಡಳು.

"ನೀನು ಕೇಳಲ್ಲ ಅಂತ," ಎಂದಳು.

10:55ಕ್ಕೆ ಬಂಧನ. ಪಂಚನಾಮೆಯ ಕೊನೆಯಲ್ಲಿ ಬಲ ತೋರುಬೆರಳಿನ ಗುರುತು ಎಂದು ಅಚ್ಚಾಗಿದ್ದ ಜಾಗವನ್ನು ದಫೇದಾರ ಖಾಲಿ ಬಿಟ್ಟು, ಪಕ್ಕದಲ್ಲಿ ಎಡ ಹೆಬ್ಬೆಟ್ಟು ಒತ್ತಿಸಿಕೊಂಡ. ಶನಿವಾರ ಸಂಜೆಯ ಗಡುವಿನೊಳಗೆ ಆರೋಪಿಯನ್ನು ಹಾಜರುಪಡಿಸಲಾಯಿತು. ಮೇಲಿನ ಸಾಹೇಬರು ಪತ್ರಿಕೆಯವರಿಗೆ ಚುರುಕಿನ ತನಿಖೆಯ ಬಗ್ಗೆ ಎರಡು ಮಾತು ಹೇಳಿದರು.

ಕೋಟಿನವನ ಮೇಲೂ ಇನ್ಸ್‌ಪೆಕ್ಟರು ಹನ್ನೊಂದು ಪುಟದ ವರದಿ ಬರೆದು ಮೇಲಕ್ಕೆ ಕಳಿಸಿದರು. ಸಾಕ್ಷಿ ನಂಬರ್ ಒಂದು, ದಫೇದಾರ. ಹೇಳಿಕೆ ಕೊಟ್ಟ ದಿನವೇ ಮನೆಯಲ್ಲೂ ಒಪ್ಪಿಕೊಂಡು ಬಂದಿದ್ದ. ಇಪ್ಪತ್ತು ದಿನಕ್ಕೆ ಒಂದು ಸಾಲಿನ ಉತ್ತರ ಬಂತು: ನಿಮ್ಮ ಠಾಣೆಯ ವ್ಯಾಪ್ತಿಗೆ ಬರುವುದಿಲ್ಲ. ಅವನು ಈಗ ಸಿಮೆಂಟು ಕಂಪನಿಯ ಶೇರಿನ ಬಗ್ಗೆ ಹೇಳುತ್ತಿದ್ದಾನೆ, ನೋಡುವವರು ಎಂಟು ಲಕ್ಷ. ಇನ್ಸ್‌ಪೆಕ್ಟರು ಅದೇ ವರದಿಯನ್ನು ಮೇಲಿನವರ ಮೇಲಿನವರಿಗೆ ಮತ್ತೊಮ್ಮೆ ಕಳಿಸಿದ್ದಾರೆ.

ಎರಡು ಲಕ್ಷ ಎಂಬತ್ತು ಸಾವಿರ ನ್ಯಾಯಾಲಯದ ಖಜಾನೆಯಲ್ಲಿದೆ, ಕೈಗವಸಿನ ಸಮೇತ. ಮೊಕದ್ದಮೆ ಮುಗಿಯುವವರೆಗೆ ಹೆಂಗಸರಿಗೂ ಇಲ್ಲ, ಅವಳಿಗೂ ಇಲ್ಲ.

ಕಾಲರಿನ ಮಶೀನಿಗೆ ಹೊಸ ಸೂಜಿ ಹಾಕಿದ್ದಾರೆ. ಮೊದಲ ದಿನ ಬಟನ್ ತನ್ನ ಡಬ್ಬಿ ತೆರೆದು ಅವಳ ಮುಂದಿಟ್ಟಳು. ಕಾಲರ್ ಊಟ ಮಾಡಿದಳು, ಮಾತಾಡಲಿಲ್ಲ. ಲಾಕರ್ ಕೋಣೆಗೆ ಬೇರೊಬ್ಬಳು ಬಂದಿದ್ದಾಳೆ. ನಾಲ್ಕಂಕಿಯ ಹಾಳೆ ಈಗಿಲ್ಲ, ಯಾರೂ ಯಾರಿಗೂ ಹೇಳುವುದಿಲ್ಲ. ಅವಳು ಬಂದ ಮರುವಾರ ಜೇಬಿನವಳ ಮಗಳು ಶಾಲೆಯಲ್ಲಿ ಬಿದ್ದು ಕೈ ಮುರಿದುಕೊಂಡಾಗ, ಗೂಡಿನೊಳಗಿನ ಫೋನು ಹತ್ತೂಕಾಲಿನಿಂದ ಹದಿನೇಳು ಸಲ ಬಡಿದುಕೊಂಡಿತು. ತಾಯಿಗೆ ಸುದ್ದಿ ಗೊತ್ತಾದದ್ದು ಹತ್ತು ನಲವತ್ತರ ಗಂಟೆ ಹೊಡೆದ ಮೇಲೆ.